ಹಲಗೆಯ ಮೇಲಿನ ಹರಕೆ

ಜಪಾನಿನ ಆ ಪುಟ್ಟ ಊರಿನ ಗುಡಿಯಲ್ಲಿ ಬೇಸಿಗೆಯ ಹಬ್ಬ. ತಿಂಡಿಯಂಗಡಿಗಳ ಸಾಲಿನುದ್ದಕ್ಕೂ ಅತ್ತೆಯದು ಒಂದೇ ಮಾತು: "ಇದಕ್ಕೆ ಮೀನು ಹಾಕಿದಾರಾ, ಕೇಳೇ."

ಶಾಂಭವಿ ಏಳು ಅಂಗಡಿಗಳಲ್ಲಿ ಕೇಳಿ, ಏಳು ಸಲವೂ ಬಾಗಿ ಕ್ಷಮೆ ಕೋರಿ, ಕೊನೆಗೆ ಸುಟ್ಟ ಮುಸುಕಿನ ಜೋಳ ಕೊಡಿಸಿದಳು. ಅತ್ತೆ ಊರಿನಿಂದ ಬಂದ ಮೂರು ತಿಂಗಳಿಂದ ಇದೇ ಪಾಡು. ಅವರ ವೀಸಾ ಇನ್ನೂ ಮೂರು ತಿಂಗಳು ಮುಂದುವರಿಸಲು ಗಂಡ ನಾಳೆ ಅರ್ಜಿ ಹಾಕುವವನಿದ್ದ. ಬೇಡವೆನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ.

ಗುಡಿಯ ಪಕ್ಕದಲ್ಲಿ, ದೇವರಿಗೆ ಕೋರಿಕೆ ಬರೆದು ತೂಗುಹಾಕುವ ಮರದ ಹಲಗೆಗಳನ್ನು ಮಾರುತ್ತಿದ್ದರು. ಇಬ್ಬರೂ ಒಂದೊಂದು ಕೊಂಡರು. ಅತ್ತೆ ಬೇಗ ಬರೆದು ಕಟ್ಟಿಯೂ ಬಂದರು. ಶಾಂಭವಿ ಅವರಿಗೆ ಬೆನ್ನು ತಿರುಗಿಸಿ ಬರೆದಳು: 'ದೇವರೇ, ಆ ಅರ್ಜಿ ತಿರಸ್ಕಾರವಾಗಲಿ.'

"ಏನೇ ಬರ್ದೆ?"

ಅವಳು ಹಲಗೆಯನ್ನು ಎದೆಗೆ ಅವುಚಿಕೊಂಡಳು. "ನೀವು ಇನ್ನೂ ಮೂರು ತಿಂಗಳು ನಮ್ಮ ಜೊತೆಗೇ ಇರ್ಬೇಕು ಅಂತ, ಅತ್ತೆ."

ಜೋಳ ಕಡಿಯುತ್ತಿದ್ದ ಅತ್ತೆ ಗಾಬರಿಯಿಂದ ಅವಳ ಕೈ ಹಿಡಿದುಕೊಂಡರು.

"ಅಯ್ಯೋ, ಹಾಗಾದ್ರೆ ದೂರ ಕಟ್ಟು ಕಣೇ, ನನ್ನ ಹಲಗೆ ಪಕ್ಕದಲ್ಲಿ ಮಾತ್ರ ಬೇಡ. ಎರಡನ್ನೂ ಒಟ್ಟಿಗೆ ಓದಿದ್ರೆ ದೇವರಿಗೆ ಗಲಿಬಿಲಿ ಆಗ್ಬಿಡುತ್ತೆ!"