ಮಂಡಿಯ ಹಿಂದಿನ ಮಿಡಿತ

ಕತ್ತರಿ ಮಾಮನ ಮಂಡಿಯ ಹಿಂದೆ ಬೆರಳಿಟ್ಟ ಡಾಕ್ಟರಮ್ಮ ಹಾಗೆಯೇ ಹಿಡಿದುಕೊಂಡರು. ಬಾತು ಕಪ್ಪಿಟ್ಟಿದ್ದ ಪಾದವನ್ನು ಈ ಮೊದಲು ನೋಡಿದ ಡಾಕ್ಟರುಗಳೆಲ್ಲ, ಕ್ಷೌರದಂಗಡಿಯಲ್ಲಿ ನಿಂತು ನಿಂತೇ ಹೀಗಾಗಿದೆ ಎಂದು ಪಟ್ಟಿ ಬಿಗಿದು ಕಳಿಸಿದ್ದರು. ಮಂಡಿಯ ಹಿಂದೆ ಯಾರೂ ಮುಟ್ಟಿರಲಿಲ್ಲ.

"ನೀವೇ ನೋಡಿ," ಎಂದು ಅವರು ಅವನ ಕೈಯನ್ನು ಅಲ್ಲಿಗೆ ತಂದರು. ನಿಂಬೆಹಣ್ಣಿನಷ್ಟು ಗಂಟೊಂದು ಎದೆಬಡಿತದ ಹಾಗೆ ಮಿಡಿಯುತ್ತಿತ್ತು. ಸ್ಕ್ಯಾನ್ ಮುಗಿದ ಮೇಲೆ ಅವರು ಬಿಡಿಸಿ ಹೇಳಿದರು: "ಕಾಲಿಗೆ ರಕ್ತ ತರೋ ನಾಳ ಬಲೂನಿನ ಹಾಗೆ ಉಬ್ಬಿದೆ. ರಕ್ತ ವಾಪಸ್ ಹೋಗೋ ನಾಳವನ್ನ ಅದು ಒತ್ತುತ್ತಿದೆ. ಬಾವು ಅದಕ್ಕೇ. ಹೀಗೇ ಬಿಟ್ಟರೆ ಕಾಲಿಗೇ ಕುತ್ತು, ಆಪರೇಷನ್ ಮಾಡಿಬಿಡೋಣ."

"ಹಾಗಾದ್ರೆ ನಿಂತಿದ್ದಕ್ಕೆ ಬಂದಿದ್ದಲ್ವಾ?"

"ಅಲ್ಲ."

ಅವನು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ಅಂಗಡಿ ಮುಚ್ಚಿ ಎಂದು ದುಂಬಾಲು ಬಿದ್ದು, ಕೊನೆಗೂ ಅದನ್ನು ಮುಚ್ಚಿಸಿದ್ದವಳು ಅವಳೇ. "ನನ್ನ ಮುಖ ಏನು ನೋಡ್ತೀರಿ? ಮೊದಲು ಕಾಲು ಸರಿಮಾಡಿಸ್ಕೊಳ್ಳಿ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಆಪರೇಷನ್ ಆಗಿ, ಬಾವು ಇಳಿದು, ಮತ್ತೆ ಅಂಗಡಿಯ ಬಾಗಿಲು ತೆರೆದ ಬೆಳಿಗ್ಗೆ ಯಾವ ಗಿರಾಕಿಯೂ ಬರುವ ಮುಂಚೆ ಅವಳೇ ಬಂದು ಜಡೆ ಬಿಚ್ಚಿ ಕುರ್ಚಿಯಲ್ಲಿ ಕೂತಳು. ಅವನು ಸ್ಟೂಲು ಎಳೆದುಕೊಳ್ಳಲು ಹೋದ.

"ಬೇಡ ರೀ, ನಿಂತ್ಕೊಂಡೇ ಕತ್ತರಿಸಿ," ಎಂದಳು. "ನೋಡೋಣ."