ಹಾಳೆಯ ಮೇಲಿನ ಹನಿ

ಗಂಧದಕಡ್ಡಿ ಕಾರ್ಖಾನೆಯ ನೆಲಮಾಳಿಗೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಹೋಗಿದ್ದ ಮೇಸ್ತ್ರಿ ಎರಡು ದಿನ ಬಿಟ್ಟು ಬಂದು ನೋಡುತ್ತಿದ್ದ. ಮಾಲೀಕ ಮೆಟ್ಟಿಲ ಮೇಲೆಯೇ ನಿಂತಿದ್ದ.

“ಇಲ್ಲಿಟ್ಟ ಕಡ್ಡಿಯೆಲ್ಲ ಮೆತ್ತಗಾಗ್ತಿದೆ. ತೇವ ಬರದ ಹಾಗೆ ಬೇಗ ಪ್ಲಾಸ್ಟರ್ ಮಾಡ್ಕೊಡಪ್ಪ.”

“ಮಾಡಿದ್ರೂ ಪ್ರಯೋಜನ ಇಲ್ಲ ಸ್ವಾಮಿ. ತೇವ ಮಣ್ಣಿಂದ ಬರ್ತಿದ್ರೆ ಹಾಳೆ ಹಿಂದೆ ಹನಿ ಕಟ್ಟಬೇಕಿತ್ತು. ಹಿಂದೆ ಒಣಗಿದೆ, ಹನಿಯೆಲ್ಲ ಈಚೆ ಕಡೆ ಇದೆ.”

“ಹಾಗಂದ್ರೆ?”

“ತೇವ ಈ ಕೋಣೆಯೊಳಗೇ ಹುಟ್ತಿದೆ. ಇದು ಮನುಷ್ಯರ ಉಸಿರು, ಸ್ವಾಮಿ. ಇಲ್ಲಿ ಎಷ್ಟು ಜನ ಮಲಗ್ತಾರೆ?”

“ಯಾರೂ ಇಲ್ಲ. ಇದು ಗೋದಾಮು. ಯಾವಾಗ್ಲೂ ಬೀಗ ಹಾಕಿರುತ್ತೆ.”

ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. ಮೂಲೆಯಲ್ಲಿ ಪೇರಿಸಿದ್ದ ಗೋಣಿಚೀಲಗಳನ್ನು ಸರಿಸಿದ. ಹಿಂದೆ ಸುರುಳಿ ಸುತ್ತಿದ ಚಾಪೆಗಳು, ಅವುಗಳ ಮೇಲೊಂದು ಹಲ್ಲು ಮುರಿದ ಬಾಚಣಿಗೆ. ಚಾಪೆಗಳನ್ನು ಎಣಿಸಿದ. ಹನ್ನೊಂದು.

“ಸ್ವಾಮಿ, ಕೆಲಸದವರನ್ನ ರಾತ್ರಿ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ತೀರಾ?”

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಕಬ್ಬಿಣದ ಬಾಗಿಲು ಮುಚ್ಚಿಕೊಂಡು, ಹೊರಗೆ ಚಿಲಕ ಬಿದ್ದ ಸದ್ದಾಯಿತು. ಆಚೆಯಿಂದ ಮಾಲೀಕನ ಧ್ವನಿ ಮಾತ್ರ ಕೇಳಿಸಿತು:

“ಇನ್ನೊಂದು ಚಾಪೆ ಕಳಿಸ್ತೀನಿ, ಮೇಸ್ತ್ರಿ.”