ಬರಿಗನ್ನಡಿ

“ಕನ್ನಡಿ ಎತ್ತಿ ಹಿಡೀಲೇ, ಕೈಯಾಗ ಶಕ್ತಿ ಇಲ್ಲೇನು?”

ಕರಿಬಸಪ್ಪ ಗದರಿದ ರಭಸಕ್ಕೆ ಬಂಡೆಯ ಮೇಲೆ ನಿಂತಿದ್ದ ಪೊಲೀಸ ಕನ್ನಡಿಯನ್ನು ತಲೆಯ ಮೇಲಕ್ಕೆ ಎತ್ತಿದ. ಕ್ಯಾಮೆರಾದವನೊಬ್ಬ ಪೊಲೀಸನಿಗೆ ‘ಲೇ’ ಅನ್ನುವುದನ್ನು ಆನೆಗೊಂದಿಯ ಜನ ಅವತ್ತೇ ಮೊದಲು ಕೇಳಿದ್ದು. ಕುರ್ಚಿಯಲ್ಲಿ ಕೂತಿದ್ದ ಪೊಲೀಸ್ ಅಧಿಕಾರಿ, ಅಮೀನ ವೆಂಕೋಬರಾವ್ ಮಾತ್ರ ನಕ್ಕ. ಅವನಿಗೆ ಸಿನಿಮಾ ಹುಚ್ಚು.

ಕರಿಬಸಪ್ಪನ ಸಿಟ್ಟು ಬೆಳಗಿನಿಂದ ಇಳಿದಿರಲಿಲ್ಲ. ಆಗಷ್ಟೇ ತುಂಗಭದ್ರೆಯ ಆಚೆ ದಡಕ್ಕೆ ಸ್ವಾತಂತ್ರ್ಯ ಬಂದಿತ್ತು. ಈಚೆ, ನಿಜಾಮನ ದಡಕ್ಕೆ ಬಂದಿರಲಿಲ್ಲ. ತಮ್ಮೂರು ನವಲಿಯಲ್ಲಿ ತ್ರಿವರ್ಣ ಧ್ವಜ ಏರಿಸಿದ ಅವನ ತಮ್ಮ ಅಮರಪ್ಪ ಇದೇ ಗುಡ್ಡಗಳ ಸಂದಿಯಲ್ಲಿ ಎಲ್ಲೋ ಅಡಗಿದ್ದ. ಸಿಕ್ಕಿಬಿದ್ದರೆ ಜೀವ ಉಳಿಯುವ ಮಾತಿಲ್ಲ. ಹೊಳೆ ದಾಟೋಣವೆಂದರೆ ಕಡವಿನಲ್ಲಿ ಹಗಲಿರುಳು ಗಾವಲು. ಅಂಬಿಗ ಬಾಬಾಸಾಬ ಹೆದರಿ ತನ್ನ ಹರಿಗೋಲಿನ ಸಮೇತ ಆಚೆ ದಡ ಸೇರಿದ್ದ. ಮಗ ಎಲ್ಲಿ ಹೇಳು ಅಂತ ಅಮೀನ ಇವರ ಅವ್ವ ಕಳಕಮ್ಮನನ್ನು ನವಲಿಯ ಚಾವಡಿ ಮುಂದೆ ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿದ್ದ.

“ನಿಮ್ಮ ತಮ್ಮನ ಸುದ್ದಿ ಏನರ ಐತೇನ್ರಿ?” ಅಮೀನ ಕೆಣಕಿದ.

“ಅವನ ಹೆಸರು ಎತ್ತಬ್ಯಾಡ್ರಿ, ಸಾಹೇಬ್ರ. ಅವನ ಸಲುವಾಗಿ ನಮ್ಮವ್ವ ಬಿಸಿಲಾಗ ನಿಂತ್ಳು. ನನಗ ನನ್ನ ಕೆಲಸ ಮುಖ್ಯ. ಹೊತ್ತು ಮುಳುಗೂದ್ರಾಗ ಇದು ಮುಗೀಬೇಕು.”

ಆ ಕೆಲಸಕ್ಕಾಗಿ ಅವನು ಪಟ್ಟ ಪಾಡು ಸಣ್ಣದಲ್ಲ. ಗಂಗಾವತಿಗೆ ಬಂದಿದ್ದ ಟೆಂಟ್ ಸಿನಿಮಾದವರ ಬೆನ್ನು ಹತ್ತಿ ಮನೆ ಬಿಟ್ಟಿದ್ದ. ಕೊಲ್ಹಾಪುರದಲ್ಲಿ ವರ್ಷಗಟ್ಟಲೆ ಲೆನ್ಸ್ ಒರೆಸಿ, ಬೈಗುಳ ತಿಂದು, ಕೊನೆಗೆ ಕ್ಯಾಮೆರಾ ಹಿಂದೆ ನಿಂತ. ಕರಿಬಸಪ್ಪನ ಬೆಳಕು ಅಂದರೆ ಮೆತ್ತಗಿನ ಬೆಳಕು ಅಂತ ಹೆಸರಾಯಿತು. ಬಿಸಿಲನ್ನು ಬಿಳಿ ಬಟ್ಟೆ ಕಟ್ಟಿದ ಹಲಗೆಗೆ ಬೀಳಿಸಿ, ಅಲ್ಲಿಂದ ಮುಖಕ್ಕೆ ತಿರುಗಿಸುತ್ತಿದ್ದ. ಬರಿಗನ್ನಡಿ ಹಿಡಿಯುವವರನ್ನು ಕಂಡರೆ ಉರಿದು ಬೀಳುತ್ತಿದ್ದ. ಯುದ್ಧದಲ್ಲಿ ರೀಲಿಗೆ ಬರ ಬಂದ ಮೇಲಂತೂ ಒಂದು ಶಾಟನ್ನು ಎರಡನೇ ಸಲ ತೆಗೆಯುವುದೆಂದರೆ ಅವನಿಗೆ ಪ್ರಾಣಸಂಕಟ.

ಇವತ್ತು ಎಲ್ಲ ತಿರುಗುಮುರುಗು. ಬಟ್ಟೆಯ ಹಲಗೆಗಳು ಗಾಡಿಯಿಂದ ಇಳಿಯಲೇ ಇಲ್ಲ. ದೊಡ್ಡ ಕನ್ನಡಿಗಳೇ ಬೇಕೆಂದ. ಹಿಡಿಯಲು ಜನ ಸಾಲದೆಂದು ಹಾರಾಡಿದ. ಅಮೀನ ದೊಡ್ಡ ಮನಸ್ಸು ಮಾಡಿ ಕಡವಿನ ಗಾವಲಿನವರನ್ನೂ ಕರೆಸಿಕೊಟ್ಟ. ಅವರೂ ಕುಣಿದುಕೊಂಡೇ ಬಂದರು. ಶೂಟಿಂಗ್ ಬಿಟ್ಟು ನೀರು ಕಾಯುವವರು ಯಾರು?

“ಬೆಳಕು ನನ್ನ ಮುಖಕ್ಕ ಬೀಳವಲ್ದ್ರಿ,” ಎಂದಳು ನಾಯಕಿ ಶಂಕ್ರಮ್ಮ. “ಹೊಳಿ ದಾಟಿ ಆಚಿ ದಂಡಿಗೆ ಹೋಗಾಕತ್ತೈತಿ.”

“ನಿನ್ನ ಹಿಂದಿನ ದಂಡಿನೂ ಕಾಣಬೇಕು. ನಿನ್ನ ಕೆಲಸ ನೀ ಮಾಡವ್ವಾ.”

“ಮತ್ತೊಮ್ಮೆ,” ಅಂದ. ಕನ್ನಡಿಗಳನ್ನು ಮುಚ್ಚಿಸಿದ, ತೆಗೆಸಿದ, ಮತ್ತೆ ಮುಚ್ಚಿಸಿದ. ಪೊಲೀಸರು ತಬ್ಬಿಬ್ಬಾದರು. “ಒಂದು ಕನ್ನಡಿ ನೆಟ್ಟಗ ಹಿಡಿಯೂ ಗಂಡಸು ನಿಮ್ಮೊಳಗ ಇಲ್ಲೇನ್ರಿ?” ಎಂದು ಅವನು ಕೂಗಿದಾಗ ಅಮೀನನಿಗೇ ಅವಮಾನವಾಯಿತು. ಎದ್ದು ಬಂದು ತಾನೇ ಕನ್ನಡಿ ಹಿಡಿದ. ಕರಿಬಸಪ್ಪ ಅವನ ಮೊಣಕೈಯನ್ನು ತುಸು ಎಡಕ್ಕೆ ತಿರುಗಿಸಿ, ಕ್ಯಾಮೆರಾದ ಹಿಡಿ ಗರಗರ ತಿರುಗಿಸತೊಡಗಿದ. ಹೊತ್ತು ಮುಳುಗುವ ತನಕ ಅಮೀನ ಬೆವರು ಸುರಿಸುತ್ತ ಬಿಸಿಲಲ್ಲೇ ನಿಂತ. ಕರಿಬಸಪ್ಪ ಅವನಿಗೆ ನೀರು ಬೇಕೇ ಎಂದು ಕೇಳಲಿಲ್ಲ.

“ಈ ಚಿತ್ರ ಯಾವಾಗ ನೋಡಾಕ ಸಿಗತೈತ್ರಿ?” ಕೊನೆಗೆ ಅಮೀನ ತೋಳು ನೀವಿಕೊಳ್ಳುತ್ತ ಕೇಳಿದ.

“ನೋಡಬೇಕಾದವರು ನೋಡ್ಯಾರ್ರಿ,” ಎಂದ ಕರಿಬಸಪ್ಪ. ಸುತ್ತ ನೆರೆದ ಜನರನ್ನು ನೋಡಿ ಅಮೀನ ನಕ್ಕ.

ಗಾಡಿ ಗಂಗಾವತಿ ದಾರಿ ಹಿಡಿದ ಮೇಲೆ ಶಂಕ್ರಮ್ಮನಿಗೆ ತಡೆಯಲಾಗಲಿಲ್ಲ. “ಅಷ್ಟು ರೀಲು ಹಾಳು ಮಾಡಿದ್ರಿ. ಮಾಲಕರು ಸುಮ್ಮನ ಬಿಡ್ತಾರೇನು?”

ಕರಿಬಸಪ್ಪ ಕ್ಯಾಮೆರಾದ ಮುಚ್ಚಳ ತೆರೆದ. ಬೆಳಕು ತಾಗಿದರೆ ರೀಲು ಕೆಡುತ್ತದೆಂದು ಅವಳು ಅವನ ಕೈ ಹಿಡಿಯಹೋದಳು. ಕೆಡಲು ಒಳಗೆ ರೀಲೇ ಇರಲಿಲ್ಲ.

ಅಷ್ಟು ಹೊತ್ತಿಗೆ ಅಮರಪ್ಪ ಆಚೆ ದಡದಲ್ಲಿ ಬಾಬಾಸಾಬನ ಹರಿಗೋಲಿನಿಂದ ಇಳಿದಾಗಿತ್ತು. ಮೊದಲೇ ಮಾತಾದಂತೆ, ಗಾವಲಿಲ್ಲದ ಕಡವಿಗೆ ಬಾ ಎಂದು ಆ ಹರಿಗೋಲನ್ನು ಕರೆದದ್ದು ಅಮೀನನ ಕೈಯ ಕನ್ನಡಿ.